ನಾಚಿಕೆ ಬಿಟ್ಟ ಬೆಕ್ಕು: ಲಕ್ಷಣ ನೋಡಿ ದೋಷ ಹಿಡಿಯುವ ಕೈಪಿಡಿ

ನನ್ನ ಕೆಲಸ ಪಂಪ್‌ಸೆಟ್ ರಿಪೇರಿ. ಉಡುಪಿ ಸುತ್ತಮುತ್ತ ನಾನು ಇಣುಕದ ಬಾವಿ ಕಡಿಮೆ. "ಪಂಪ್ ಹಾಳಾಗಿದೆ, ಬೇಗ ಬನ್ನಿ ಮಾರಾಯ್ರೆ" ಎಂದು ಫೋನ್ ಬಂದರೆ ಮೊದಲು ಕೇಳುವುದು, "ಕರೆಂಟ್ ಉಂಟಾ?" ಆಮೇಲೆ, "ಬಾವಿಯಲ್ಲಿ ನೀರು ಉಂಟಾ?" ಇದನ್ನು ಕೇಳದೆ ಹೋಗಿ ಮೋಟರ್ ಬಿಚ್ಚಿದರೆ ಅರ್ಧ ದಿನ ಹಾಳು, ಮರ್ಯಾದೆಯೂ ಹಾಳು.

ನಮ್ಮ ಮನೆಯಲ್ಲಿ ಎರಡು ಬೆಕ್ಕುಗಳಿವೆ. ಪಾಂಡು ಗಂಡು, ಆರು ವರ್ಷ, ಸಂತಾನಹರಣದ ಆಪರೇಷನ್ ಆಗಿದೆ. ಸರೋಜ ಹೆಣ್ಣು, ಹನ್ನೊಂದು ವರ್ಷ, ಮನೆಯ ಯಜಮಾನಿ. ನನ್ನ ಗಿರಾಕಿಗಳಲ್ಲಿ ಬೆಕ್ಕು ಸಾಕಿದವರು ಜಾಸ್ತಿ. ಪಂಪಿನ ಮಾತು ಮುಗಿದ ಮೇಲೆ "ನಮ್ಮ ಪುಚ್ಚೆಗೆ ಎಂತ ಆಗಿದೆ ಗೊತ್ತಿಲ್ಲ" ಎಂದು ಶುರು ಮಾಡುತ್ತಾರೆ. ಪುಚ್ಚೆ ಅಂದರೆ ತುಳುವಿನಲ್ಲಿ ಬೆಕ್ಕು. ಹೆಚ್ಚಿನ ಸಲ ಏನೂ ಆಗಿರುವುದಿಲ್ಲ. ಬೆಕ್ಕು ಬೆಕ್ಕಿನ ಕೆಲಸ ಮಾಡುತ್ತಿರುತ್ತದೆ, ಅಷ್ಟೆ. ಆದರೆ ಒಮ್ಮೆ ನಾನೇ ಮೋಸ ಹೋಗಿದ್ದೇನೆ. ಅದು ತುಂಟತನ ಎಂದುಕೊಂಡು ಒಂದು ಇಡೀ ದಿನ ಕಳೆದೆ. ಆ ಕಥೆ ಮುಂದೆ ಬರುತ್ತದೆ.

ನಾನು ಇಟ್ಟುಕೊಂಡ ಲೆಕ್ಕ ಒಂದೇ. ಬೆಕ್ಕು ಎಷ್ಟು ಕೆಟ್ಟ ಕೆಲಸ ಮಾಡಿತು ಎಂದು ನೋಡಬೇಡಿ. ನಿನ್ನೆಯವರೆಗೆ ಮಾಡದ್ದನ್ನು ಇವತ್ತು ಮಾಡಿತಾ, ಅಥವಾ ದಿನಾ ಮಾಡುತ್ತಿದ್ದದ್ದನ್ನು ಇವತ್ತು ಬಿಟ್ಟಿತಾ, ಅದನ್ನು ನೋಡಿ.

## ಸರಿ ಇರುವಾಗಲೇ ಅಳತೆ ತೆಗೆದಿಡಿ

ಮೋಟರ್ ಚೆನ್ನಾಗಿ ಓಡುವಾಗ ಎಷ್ಟು ಆಂಪಿಯರ್ ಎಳೆಯುತ್ತದೆ ಎಂದು ಗೊತ್ತಿದ್ದರೆ ಕೆಟ್ಟಾಗ ಕೆಲಸ ಸುಲಭ. ಬೆಕ್ಕಿಗೂ ಹಾಗೆಯೇ. ಅದು ಗಾಢ ನಿದ್ದೆಯಲ್ಲಿರುವಾಗ ಹೊಟ್ಟೆ ಏರಿಳಿಯುವುದನ್ನು 15 ಸೆಕೆಂಡು ಎಣಿಸಿ, ನಾಲ್ಕರಿಂದ ಗುಣಿಸಿ. ನಿಮಿಷಕ್ಕೆ 30ರ ಒಳಗೆ ಇರಬೇಕು. ನಿದ್ದೆಯಲ್ಲಿಯೂ 40 ದಾಟುತ್ತಿದ್ದರೆ ಡಾಕ್ಟ್ರಿಗೆ ಹೇಳಿ. ತೂಕ ನೋಡಲು ನೀವು ಒಬ್ಬರೇ ಒಮ್ಮೆ, ಬೆಕ್ಕನ್ನು ಎತ್ತಿಕೊಂಡು ಒಮ್ಮೆ ತಕ್ಕಡಿ ಹತ್ತಿ. ನಮ್ಮ ಊರ ಬೆಕ್ಕುಗಳು ಸಾಮಾನ್ಯವಾಗಿ 3ರಿಂದ 5 ಕಿಲೋ. ನಿಮಗೆ ಅರ್ಧ ಕಿಲೋ ಇಳಿದರೆ ಸಂತೋಷ, ಬೆಕ್ಕಿಗೆ ಅರ್ಧ ಕಿಲೋ ಇಳಿದರೆ ಅದು ದೊಡ್ಡ ಸುದ್ದಿ.

ದಿನಕ್ಕೆ ಎಷ್ಟು ಸಲ ಮೂತ್ರ ಮಾಡುತ್ತದೆ ಎಂಬುದೂ ಗೊತ್ತಿರಲಿ. ಇದು ಅಸಹ್ಯ ಕೆಲಸ ಅನಿಸಬಹುದು. ಆದರೆ ಪಾಂಡುವನ್ನು ಉಳಿಸಿದ್ದು ಈ ಲೆಕ್ಕವೇ. ಮನೆಯಲ್ಲಿ ಆ ಲೆಕ್ಕ ಇಟ್ಟವಳು ನನ್ನ ಹೆಂಡತಿ, ನಾನಲ್ಲ.

ದಿನಕ್ಕೆ ಹದಿನಾಲ್ಕು ಗಂಟೆ ಮಲಗಿದರೆ ಗಾಬರಿ ಬೇಡ. ಅದು ದೋಷವಲ್ಲ, ಭಾಗ್ಯ.

## ಲಕ್ಷಣ: ಎದುರಿಗೇ ಲೋಟ ಕೆಳಗೆ ಹಾಕುತ್ತದೆ

ಬೆಳಿಗ್ಗೆ ಚಾವಡಿಯಲ್ಲಿ ಚಾ ಕುಡಿದು ಸ್ಟೀಲ್ ಲೋಟವನ್ನು ಮೇಜಿನ ಮೇಲೆ ಇಡುತ್ತೇನೆ. ಪಾಂಡು ಹಾರಿ ಬಂದು ಪಕ್ಕದಲ್ಲಿ ಕೂರುತ್ತಾನೆ. ಮುಂಗಾಲಿನಿಂದ ಲೋಟವನ್ನು ಒಂದು ಇಂಚು ತಳ್ಳುತ್ತಾನೆ. ನನ್ನ ಮುಖ ನೋಡುತ್ತಾನೆ. ಇನ್ನೊಂದು ಇಂಚು. "ಪಾಂಡು, ಬೇಡ." ಒಂದು ಕಿವಿ ಮಾತ್ರ ನನ್ನ ಕಡೆ ತಿರುಗುತ್ತದೆ, ಕಣ್ಣು ಲೋಟದ ಮೇಲೆಯೇ. ಮತ್ತೆ ಒಂದು ಇಂಚು. ಠಣ್! ಲೋಟ ಉರುಳಿಕೊಂಡು ಹೊಸ್ತಿಲ ತನಕ ಹೋಗುತ್ತದೆ. ಅದು ಪೂರ್ತಿ ನಿಲ್ಲುವ ತನಕ ನೋಡಿ, ಆಮೇಲೆ ಕಾಲು ನೆಕ್ಕಲು ಶುರು.

ಇಲ್ಲಿ ಮೊದಲ ಪರೀಕ್ಷೆಗೆ ಒಂದು ಪೈಸೆ ಖರ್ಚಿಲ್ಲ. ನೀವು ಮನೆಯಲ್ಲಿ ಇಲ್ಲದಾಗ ಲೋಟ ಬೀಳುತ್ತದಾ ನೋಡಿ. ನಮ್ಮಲ್ಲಿ ಬೀಳುವುದಿಲ್ಲ. ಅಂದರೆ ಅವನಿಗೆ ಬೇಕಾದದ್ದು ಲೋಟ ಅಲ್ಲ, ನಾನು ಏಳುವುದು. ಲೋಟ ಬಿದ್ದ ಕೂಡಲೇ ಎದ್ದು, ಬೈದು, ಅಡುಗೆಮನೆ ಕಡೆ ಹೋದರೆ ಅವನ ಲೆಕ್ಕದಲ್ಲಿ ಸ್ವಿಚ್ ಹಾಕಿದ ಹಾಗೆ, ಪಂಪ್ ಓಡಿತು. ನೀವು ಇಲ್ಲದಾಗಲೂ ಬೀಳುತ್ತಿದ್ದರೆ ಅದು ಬೇಟೆಯ ಅಭ್ಯಾಸ. ಅಲುಗುತ್ತದಾ, ಓಡುತ್ತದಾ ಎಂದು ಮುಟ್ಟಿ ನೋಡುವುದು ಅವುಗಳ ರಕ್ತದಲ್ಲಿಯೇ ಉಂಟು.

ಎರಡಕ್ಕೂ ಮದ್ದು ಒಂದೇ. ತೆಂಗಿನ ಗರಿಯ ಕಡ್ಡಿಗೆ ಒಂದು ಕೋಳಿ ಗರಿ ಕಟ್ಟಿ, ಬೆಳಿಗ್ಗೆ ಮತ್ತು ಸಂಜೆ ಹತ್ತು ನಿಮಿಷ ಓಡಿಸಿ. ಕೊನೆಗೆ ಹಿಡಿಯಲು ಬಿಡಿ, ಕೂಡಲೇ ಊಟ ಹಾಕಿ. ಆಟ ಮುಗಿದ ಮೇಲೆ ಆ ಕಡ್ಡಿಯನ್ನು ಎತ್ತಿಡಲು ಮರೆಯಬೇಡಿ.

ಈಗ ಗಮನಿಸಬೇಕಾದ ವಿಷಯ. ಬೆಕ್ಕು ಕಾಲಿನಿಂದ ತಳ್ಳಿ ಬೀಳಿಸಿದರೆ ಸರಿ. ನಡೆಯುವಾಗ ಮೈ ತಾಗಿ ಬಿದ್ದರೆ? ದಿನಾ ಹಾರುವ ಕಟ್ಟೆ ತಪ್ಪಿ ಕೆಳಗೆ ಬಿದ್ದರೆ? ಬೆಳಕಿನಲ್ಲೂ ಕಣ್ಣಿನ ಪಾಪೆ ದೊಡ್ಡದಾಗಿಯೇ ಇದ್ದರೆ? ಅದು ಕಣ್ಣಿನ ದೋಷ ಇರಬಹುದು. ವಯಸ್ಸಾದ ಬೆಕ್ಕುಗಳಿಗೆ ಮೂತ್ರಪಿಂಡ ಅಥವಾ ಥೈರಾಯ್ಡ್ ತೊಂದರೆಯಿಂದ ಬಿಪಿ ಏರಿ, ಒಮ್ಮೆಲೇ ದೃಷ್ಟಿ ಹೋಗುವುದುಂಟು. ಅದೇ ದಿನ ತೋರಿಸಬೇಕು, ನಾಳೆಗೆ ಇಡಬಾರದು.

## ಲಕ್ಷಣ: ಮೀನು ಕದಿಯುತ್ತದೆ, ಸಿಕ್ಕಿಬಿದ್ದರೂ ಓಡುವುದಿಲ್ಲ

ಮೀನಿನ ಬೈಕಿನ ಪೋಂ ಪೋಂ ತಿರುವಿನಲ್ಲಿ ಕೇಳುವ ಮೊದಲೇ ಸರೋಜ ಗೇಟಿನ ಕಂಬದ ಮೇಲೆ ಕುಳಿತಿರುತ್ತಾಳೆ. "ನಿಮ್ಮ ಪುಚ್ಚೆಗೆ ನನ್ನ ಟೈಮ್ ನಿಮಗಿಂತ ಸರಿ ಗೊತ್ತುಂಟು ಅಕ್ಕ" ಎಂದು ಮೀನಿನವರು ನನ್ನ ಹೆಂಡತಿಗೆ ಹೇಳುವುದು ಮಾಮೂಲು. ಒಂದು ಬೂತಾಯಿ ಮೀನು ಅವಳ ಹಕ್ಕು, ಲೆಕ್ಕಕ್ಕೆ ಬರುವುದಿಲ್ಲ. ಅಷ್ಟು ಸಿಕ್ಕಿದ ಮೇಲೂ ತೊಳೆದಿಟ್ಟ ಮೀನಿಗೆ ಬಾಯಿ ಹಾಕುತ್ತಾಳೆ.

ಮೊದಲ ಪ್ರಶ್ನೆ ಬೆಕ್ಕಿಗಲ್ಲ, ಮನೆಯವರಿಗೆ: ಮುಚ್ಚಳ ಹಾಕಿತ್ತಾ? ಹಾಕಿತ್ತು ಅಂದರೆ, ಅದರ ಮೇಲೆ ಭಾರ ಇತ್ತಾ? ಸ್ಟೀಲ್ ತಟ್ಟೆ ಮುಚ್ಚಿದ್ದನ್ನು ಮುಚ್ಚಳ ಅನ್ನುವುದಿಲ್ಲ, ಬೆಕ್ಕಿಗೆ ಅದು ಕಾಲಿಂಗ್ ಬೆಲ್. ನಮ್ಮ ಅಜ್ಜಿ ಮಾಡಿನ, ಅಂದರೆ ಛಾವಣಿಯ, ಪಕ್ಕಾಸಿನ ಮರಕ್ಕೆ ಹಗ್ಗದ ಸಿಕ್ಕ (ನೆಲುವು) ತೂಗಿಸಿ, ಹಾಲು ಬೆಣ್ಣೆ ಎಲ್ಲ ಅದರಲ್ಲಿ ಇಡುತ್ತಿದ್ದರು. ಗೋಡೆಯಿಂದ, ಕಪಾಟಿನಿಂದ ಹಾರಿದರೂ ಸಿಗದಷ್ಟು ದೂರ. ಆ ತಂತ್ರಜ್ಞಾನ ಇನ್ನೂ ಹಳತಾಗಿಲ್ಲ.

ಎರಡನೆಯದು, ಹೊಟ್ಟೆ ತುಂಬುತ್ತದಾ? ನಮ್ಮ ಕಡೆ ಬೆಕ್ಕಿಗೆ ಗಂಜಿ, ಮೀನು ತೊಳೆದ ನೀರು, ಒಂದು ತಲೆ ಹಾಕಿದರೆ ಊಟ ಆಯಿತು ಎಂಬ ಲೆಕ್ಕ. ಆದರೆ ಬೆಕ್ಕಿಗೆ ಮಾಂಸವೇ ಊಟ. ಅದರಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಕಣ್ಣು ಮತ್ತು ಹೃದಯ ಕೆಡುತ್ತದೆ. ಅನ್ನದ ರಾಶಿ ನೋಡಿ ನಮಗೆ ತೃಪ್ತಿ, ಅದಕ್ಕೆ ಹಸಿವೆ. ಹಾಗೆಂದು ಹಸಿ ಬೂತಾಯಿಯನ್ನೇ ದಿನಾ ಹಾಕಿದರೂ ಸರಿಯಲ್ಲ. ಹಸಿ ಮೀನಿನಲ್ಲಿರುವ ಒಂದು ಅಂಶ ಬಿ1 ಜೀವಸತ್ವವನ್ನು ಹಾಳು ಮಾಡುತ್ತದೆ. ಬೇಯಿಸಿ, ಮುಳ್ಳು ತೆಗೆದು ಕೊಡಿ. ಕೋಳಿಯನ್ನೂ ಕೊಡಿ, ಬೆಕ್ಕಿನ ಆಹಾರ ಅಂತ ಸಿಗುವ ಪ್ಯಾಕೆಟನ್ನೂ ಸೇರಿಸಿ.

ಹಾಲಿನ ಬಗ್ಗೆ ಒಂದು ಮಾತು. ಕಣ್ಣು ಮುಚ್ಚಿ ಹಾಲು ಕುಡಿಯುವ ಬೆಕ್ಕಿನ ಗಾದೆ ನಮ್ಮಲ್ಲಿ ಎಷ್ಟು ಹಳತೋ, ಅದರ ಭೇದಿಯೂ ಅಷ್ಟೇ ಹಳತಿರಬೇಕು. ದೊಡ್ಡ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಜೀರ್ಣ ಆಗುವುದಿಲ್ಲ. ಪಾಯಸಕ್ಕೆ ಬಾಯಿ ಹಾಕಿದರೆ ಅದಕ್ಕೆ ಬೆಲ್ಲದ ಆಸೆ ಎಂದುಕೊಳ್ಳಬೇಡಿ. ಬೆಕ್ಕಿನ ನಾಲಿಗೆಗೆ ಸಿಹಿ ತಿಳಿಯುವುದೇ ಇಲ್ಲ. ಅದು ಬಂದದ್ದು ತೆಂಗಿನ ಹಾಲಿನ, ತುಪ್ಪದ ಜಿಡ್ಡಿಗೆ.

ಕದಿಯುವುದು ಜಾಸ್ತಿ ಆಗಿ, ಅದರ ಜೊತೆ ತೂಕವೂ ಇಳಿಯುತ್ತಿದ್ದರೆ ಮುಚ್ಚಳದ ಕೆಲಸ ಮುಗಿಯಿತು, ಡಾಕ್ಟ್ರ ಕೆಲಸ ಶುರುವಾಯಿತು. ಮರಿಯಾದರೆ, ಹೊಟ್ಟೆ ಮಾತ್ರ ಡೋಲಿನ ಹಾಗಿದ್ದರೆ, ಹುಳ ಇರಬಹುದು. ಎಂಟು ಹತ್ತು ವರ್ಷ ದಾಟಿದ್ದರೆ ಥೈರಾಯ್ಡ್ ಅಥವಾ ಸಕ್ಕರೆ ಕಾಯಿಲೆ ಇರಬಹುದು, ರಕ್ತ ಪರೀಕ್ಷೆಯಲ್ಲಿ ಗೊತ್ತಾಗುತ್ತದೆ.

ಎಚ್ಚರಿಕೆ: ಈರುಳ್ಳಿ ಬೆಳ್ಳುಳ್ಳಿ ಹಾಕಿದ ಮೀನಿನ ಗಸಿ ಬೆಕ್ಕಿಗೆ ಬೇಡ. ಅವೆರಡೂ ಅದರ ರಕ್ತಕಣಗಳನ್ನು ಒಡೆಯುತ್ತವೆ. ಬಾಯಿಯಿಂದಾಗಲಿ, ಹಿಂದಿನಿಂದಾಗಲಿ ದಾರ ನೇತಾಡುತ್ತಿದ್ದರೆ ಎಳೆಯಲೇಬೇಡಿ. ಗಾಳದ ನೈಲಾನ್ ಇರಲಿ, ಮಲ್ಲಿಗೆ ಚೆಂಡಿನ ಬಾಳೆ ನಾರು ಇರಲಿ, ಒಳಗೆ ಕರುಳಿಗೆ ಸುತ್ತಿಕೊಂಡಿದ್ದರೆ ನೀವು ಎಳೆಯುವಾಗ ಕರುಳೇ ಕತ್ತರಿಸಬಹುದು. ಹಾಗೆಯೇ ಎತ್ತಿಕೊಂಡು ಪಶು ಆಸ್ಪತ್ರೆಗೆ ಹೋಗಿ.

## ಲಕ್ಷಣ: ಜೂನ್ ಬಂತು, ತಟ್ಟೆ ಮೂಸಿ ತಿರುಗಿ ಹೋಗುತ್ತದೆ

ಇದು ಕರಾವಳಿಯದೇ ವಿಶೇಷ ದೋಷ. ಜೂನ್ 1ರಿಂದ ಜುಲೈ 31ರ ತನಕ, 61 ದಿನ, ಯಾಂತ್ರಿಕ ದೋಣಿಗಳಿಗೆ ರಜೆ. ಮಲ್ಪೆಯಲ್ಲಿ ಬೋಟುಗಳು ಸಾಲಾಗಿ ನಿಂತಿರುತ್ತವೆ, ಮಂಗಳೂರು ಬಂದರಿನ ಧಕ್ಕೆಯಲ್ಲೂ ಅದೇ. ನಾಡದೋಣಿಯವರು ತರುವ ನಾಲ್ಕು ಮೀನಿಗೆ ಚಿನ್ನದ ರೇಟು. ನಾವು ಒಣ ಮೀನು, ಉಪ್ಪಿನಲ್ಲಿ ಹಾಕಿದ ಹಲಸಿನ ಸೊಳೆ ಎಂದು ಸುಧಾರಿಸುತ್ತೇವೆ. ಬೆಕ್ಕು ಸುಧಾರಿಸುವುದಿಲ್ಲ.

ಮೊದಲ ದಿನ ಅದು ಹಠ. ತಟ್ಟೆಯ ಸುತ್ತ ಮಣ್ಣು ಮುಚ್ಚುವ ಹಾಗೆ ನೆಲ ಪರಚಿ ತೋರಿಸುತ್ತದೆ. ಊಟವನ್ನು ಸ್ವಲ್ಪ ಬೆಚ್ಚಗೆ ಮಾಡಿ ಇಡಿ, ವಾಸನೆ ಏಳುತ್ತದೆ. ಅರ್ಧ ಕೆಲಸ ಅಷ್ಟರಲ್ಲೇ ಆಗುತ್ತದೆ. ಒಣ ಮೀನನ್ನು ಹಾಗೆಯೇ ಹಾಕಬೇಡಿ, ಅದರಲ್ಲಿ ಉಪ್ಪು ವಿಪರೀತ. ಬುದ್ಧಿವಂತರು ಮೇ ತಿಂಗಳಲ್ಲೇ ಬೇರೆ ಊಟವನ್ನು ಸ್ವಲ್ಪ ಸ್ವಲ್ಪ ಬೆರೆಸಿ ಅಭ್ಯಾಸ ಮಾಡಿಸುತ್ತಾರೆ. ನಾನು ಪ್ರತಿ ವರ್ಷ ಮರೆಯುತ್ತೇನೆ.

ಆದರೆ ಹಠಕ್ಕೆ ಹಠ ಹೂಡಬೇಡಿ. "ಹಸಿವಾದರೆ ತಿನ್ನುತ್ತದೆ" ಎಂಬ ಮಾತು ನಾಯಿಗೆ ಸರಿಯಾದೀತು, ಬೆಕ್ಕಿಗೆ ಸರಿಯಾಗುವುದಿಲ್ಲ. ಎರಡು ಮೂರು ದಿನ ಏನೂ ತಿನ್ನದಿದ್ದರೆ, ಅದರಲ್ಲೂ ದಪ್ಪ ಬೆಕ್ಕಾದರೆ, ಮೈಯ ಕೊಬ್ಬು ಹೋಗಿ ಯಕೃತ್ತಿನಲ್ಲಿ ತುಂಬಿಕೊಳ್ಳುತ್ತದೆ. ಅದು ಪ್ರಾಣಕ್ಕೇ ಅಪಾಯ. 24 ಗಂಟೆ ಪೂರ್ತಿ ಉಪವಾಸ ಇದ್ದರೆ ಡಾಕ್ಟ್ರಿಗೆ ಫೋನ್ ಮಾಡಿ. ಜೊಲ್ಲು ಸುರಿಸುತ್ತಿದ್ದರೆ, ತಟ್ಟೆ ಹತ್ತಿರ ಬಂದು ಬಾಯಿ ಹಾಕಿ ಹಿಂದೆ ಸರಿಯುತ್ತಿದ್ದರೆ ಹಲ್ಲು ನೋವು ಅಥವಾ ಮುಳ್ಳು ಸಿಕ್ಕಿರುವ ಲಕ್ಷಣ.

## ಲಕ್ಷಣ: ಬೆಳಗಿನ ಜಾವ ಮುಖದ ಮೇಲೆ ನಡೆಯುತ್ತದೆ

ದೋಷ ಇಲ್ಲ. ನಸುಕು ಮತ್ತು ಮುಸ್ಸಂಜೆ ಬೆಕ್ಕಿನ ಕೆಲಸದ ಹೊತ್ತು. ರಾತ್ರಿ ಮಲಗುವ ಮೊದಲು ಆಟ, ಆಮೇಲೆ ಊಟ ಕೊಟ್ಟರೆ ಒಂದು ಗಂಟೆ ತಡವಾಗಿ ಎಬ್ಬಿಸುತ್ತದೆ. ಒಮ್ಮೆ ಎದ್ದು ತಿಂಡಿ ಹಾಕಿದಿರೋ, ನಾಳೆಯಿಂದ ಅದೇ ಟೈಮು.

ರಾತ್ರಿಯಿಡೀ ಕೂಗುವುದು ಬೇರೆ. ಆಪರೇಷನ್ ಆಗದ ಹೆಣ್ಣು, ಐದಾರು ತಿಂಗಳು ದಾಟಿದೆ, ನೆಲದಲ್ಲಿ ಹೊರಳುತ್ತಾ ಕೂಗುತ್ತಿದೆ ಅಂದರೆ ಬೆದೆಗೆ ಬಂದಿದೆ. ನೋವು ಅಂತ ಮಾತ್ರೆ ಕೊಡಲು ಹೋಗಬೇಡಿ. ಗಂಡು ಸಿಕ್ಕಿದರೆ ಒಂಬತ್ತು ವಾರಕ್ಕೆ ನಿಮ್ಮ ಬಟ್ಟೆ ಕಪಾಟಿನಲ್ಲಿ ನಾಲ್ಕು ಮರಿ. ಮುದಿ ಬೆಕ್ಕು ಹೊಸದಾಗಿ ರಾತ್ರಿ ಕೂಗಲು ಶುರು ಮಾಡಿದರೆ ಥೈರಾಯ್ಡ್, ಬಿಪಿ, ಕಿವುಡು, ಮರೆವು, ಇವುಗಳಲ್ಲಿ ಯಾವುದಾದರೂ ಇರಬಹುದು. ಪರೀಕ್ಷೆ ಬೇಕು.

## ಲಕ್ಷಣ: ಮೂಲೆಯಲ್ಲಿ, ಹಾಸಿಗೆಯಲ್ಲಿ ಮೂತ್ರ ಮಾಡುತ್ತದೆ

ಇಲ್ಲಿ ಸ್ವಲ್ಪ ನಿಧಾನಿಸಿ ಓದಿ.

ಮೊದಲು ಎಲ್ಲಿ ಮಾಡಿದೆ ನೋಡಿ. ಗೋಡೆ, ಬಾಗಿಲು, ಬೈಕಿನ ಟೈರಿಗೆ ನಿಂತುಕೊಂಡು, ಬಾಲ ನಡುಗಿಸಿ ಹಿಂದಕ್ಕೆ ಚಿಮ್ಮಿಸಿದರೆ ಅದು ಗುರುತು ಹಾಕುವುದು. "ಇದು ನನ್ನ ಜಾಗ" ಎಂಬ ಬೋರ್ಡು. ಆಪರೇಷನ್ ಮಾಡಿಸಿದರೆ ಹೆಚ್ಚಿನ ಗಂಡುಗಳಲ್ಲಿ ನಿಲ್ಲುತ್ತದೆ. ನಾಲ್ಕರಿಂದ ಆರು ತಿಂಗಳ ಒಳಗೆ ಮಾಡಿಸಿದರೆ ಹೆಚ್ಚಿನವಕ್ಕೆ ಅಭ್ಯಾಸವೇ ಬೀಳುವುದಿಲ್ಲ.

ಕುಳಿತು ನೆಲದ ಮೇಲೆ, ಚಾಪೆ ಮೇಲೆ ಮಾಡಿದರೆ ಅದರ ಪಾಯಿಖಾನೆ ನೋಡಿ. ಹೊಯಿಗೆ (ಮರಳು) ಬದಲಿಸಿ ಎಷ್ಟು ದಿನ ಆಯಿತು? ಮಳೆಗಾಲದಲ್ಲಿ ಹೊರಗೆ ಹೋಗುವ ಬೆಕ್ಕಿಗೆ ಒಣ ಮಣ್ಣೇ ಸಿಗುವುದಿಲ್ಲ, ಪಾಪ ಎಲ್ಲಿ ಹೋಗಬೇಕು? ಒಂದು ಅಗಲ ಟಬ್ಬಿನಲ್ಲಿ ಒಣ ಹೊಯಿಗೆ ಹಾಕಿ ಜನ ಓಡಾಡದ ಮೂಲೆಯಲ್ಲಿ ಇಡಿ. ಎಷ್ಟು ಬೆಕ್ಕೋ ಅದಕ್ಕಿಂತ ಒಂದು ಟಬ್ ಜಾಸ್ತಿ ಇರಲಿ. ಮೂತ್ರ ಬಿದ್ದ ಜಾಗಕ್ಕೆ ಫಿನಾಯಿಲ್ ಸುರಿಯಬೇಡಿ. ಅದರ ಅಂಶ ಬೆಕ್ಕಿಗೆ ವಿಷ. ಕಾಲಿಗೆ ತಾಗಿಸಿಕೊಂಡು ನೆಕ್ಕಿದರೆ ಸಾಕು. ಸೋಪಿನ ಪುಡಿ, ನೀರು ಸಾಕಾಗುತ್ತದೆ.

ಇನ್ನು ನನ್ನ ಕಥೆ. ಹೋದ ವರ್ಷ ಮಾರ್ಚ್ ತಿಂಗಳ ಸೆಕೆ. ಪಾಂಡು ಬಚ್ಚಲಿನ ಮೂಲೆಯಲ್ಲಿ ಕುಳಿತ. ಆಮೇಲೆ ನನ್ನ ಟೂಲ್ ಬ್ಯಾಗಿನ ಮೇಲೆ ಕುಳಿತ. ಆಮೇಲೆ ಹಾಸಿಗೆ ಮೇಲೆ. ಎಲ್ಲ ಕಡೆ ಎರಡೆರಡು ಹನಿ. ನನಗೆ ಸಿಟ್ಟು ಬಂತು. ಬೇಕೆಂದೇ ಮಾಡುತ್ತಿದ್ದಾನೆ ಎಂದು ಹೊರಗೆ ಹಾಕಿ ಬಾಗಿಲು ಹಾಕಿದೆ. ಸಂಜೆ ಹೆಂಡತಿ ಹೇಳಿದಳು, "ಬೆಳಿಗ್ಗೆಯಿಂದ ಅವನ ಟಬ್ ಒಣಗಿಯೇ ಉಂಟು. ಅವನು ಮಾಡುತ್ತಿಲ್ಲ, ಮಾಡಲಿಕ್ಕೆ ಆಗುತ್ತಿಲ್ಲ." ಹೊರಗೆ ಹೋಗಿ ನೋಡಿದರೆ ತುಳಸಿಕಟ್ಟೆಯ ಹಿಂದೆ ಮುದುಡಿ ಕುಳಿತು, ಅಡಿಭಾಗ ನೆಕ್ಕುತ್ತಿದ್ದ. ಎತ್ತಿಕೊಂಡಾಗ ಕೂಗಿದ ರೀತಿ ಈಗಲೂ ಕಿವಿಯಲ್ಲಿ ಉಂಟು.

ಗಂಡು ಬೆಕ್ಕಿನ ಮೂತ್ರನಾಳ ಬಹಳ ಸಪೂರ. ಸಣ್ಣ ಹರಳು, ಲೋಳೆ ಸೇರಿ ಅಡ್ಡ ನಿಂತರೆ ಪೂರ್ತಿ ಬಂದ್. ಪೈಪಿಗೆ ಕಸ ಸಿಕ್ಕಿದರೆ ಪಂಪ್ ಬಿಸಿಯಾಗುತ್ತದಲ್ಲ, ಹಾಗೆಯೇ ಒತ್ತಡ ಹಿಂದಕ್ಕೆ ಹೋಗಿ ಮೂತ್ರಪಿಂಡ ಕೆಡುತ್ತದೆ. ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಎರಡು ಮೂರು ದಿನದಲ್ಲಿ ಬೆಕ್ಕು ಸಾಯುತ್ತದೆ. ಆಪರೇಷನ್ ಆದ ಗಂಡಿಗೂ ಇದು ಬರುತ್ತದೆ.

ಆದ್ದರಿಂದ ಗಂಡು ಬೆಕ್ಕು ಮತ್ತೆ ಮತ್ತೆ ಕುಳಿತು ತಿಣುಕುತ್ತಿದೆ, ಹನಿ ಬಿಟ್ಟರೆ ಏನೂ ಬರುತ್ತಿಲ್ಲ ಅಂದರೆ ಈ ಕೈಪಿಡಿಯನ್ನು ಅಲ್ಲಿಗೇ ಬಿಟ್ಟು ಹೊರಡಿ. ರಾತ್ರಿಯಾದರೂ ಸರಿ. ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸಬೇಡಿ. ಹೊಟ್ಟೆ ಒತ್ತಿ ನೋಡಬೇಡಿ, ತುಂಬಿದ ಮೂತ್ರಕೋಶ ಒಡೆಯಬಹುದು. ಮನೆಯಲ್ಲಿರುವ ಜ್ವರದ ಮಾತ್ರೆ ಅಂತೂ ಬೇಡವೇ ಬೇಡ. ನಮಗೆ ತಲೆನೋವು ಇಳಿಸುವ ಒಂದು ಪ್ಯಾರಾಸಿಟಮಾಲ್ ಬೆಕ್ಕನ್ನು ಕೊಲ್ಲಲು ಸಾಕು.

ಪಾಂಡುವಿಗೆ ಅರಿವಳಿಕೆ ಕೊಟ್ಟು ನಳಿಕೆ ಹಾಕಿದರು. ಎರಡು ರಾತ್ರಿ ಅಲ್ಲೇ ಇರಿಸಿಕೊಂಡರು. "ನೀರು ಜಾಸ್ತಿ ಹೋಗುವ ಹಾಗೆ ನೋಡಿಕೊಳ್ಳಿ, ಇದು ಮತ್ತೆ ಬರಬಹುದು" ಎಂದು ಡಾಕ್ಟ್ರು ಹೇಳಿ ಕಳಿಸಿದರು. ಈಗ ಅವನ ಊಟಕ್ಕೆಲ್ಲ ನೀರು ಬೆರೆಸುತ್ತೇವೆ. ಮನೆಯಲ್ಲಿ ನಾಲ್ಕು ಕಡೆ ನೀರಿನ ಬಟ್ಟಲು ಉಂಟು. ಅವನು ಕುಡಿಯುವುದು ಮಾತ್ರ ಬಚ್ಚಲಿನ ಬಕೆಟಿನಿಂದ. ಕುಡಿಯಲಿ.

## ಲಕ್ಷಣ: ಸೋಫಾ ಪರಚುತ್ತದೆ

ಉಗುರಿನ ಹಳೆ ಸಿಪ್ಪೆ ಕಳಚಲು, ಮೈ ಮುರಿಯಲು, ಪಾದದ ವಾಸನೆ ಅಂಟಿಸಲು. ನಿಲ್ಲಿಸಲು ಆಗುವುದಿಲ್ಲ, ಜಾಗ ಬದಲಿಸಬಹುದು. ಹಳೆ ಹಲಸಿನ ಕಂಬದ ತುಂಡಿಗೆ ತೆಂಗಿನ ನಾರಿನ ಹಗ್ಗ ಒತ್ತೊತ್ತಾಗಿ ಸುತ್ತಿ, ಅದೇ ಸೋಫಾದ ಪಕ್ಕ ನಿಲ್ಲಿಸಿ. ಬೆಕ್ಕು ಮೈ ಚಾಚಿ ನಿಂತಷ್ಟು ಎತ್ತರ ಇರಬೇಕು, ಅಲುಗಾಡಬಾರದು. ಅಂಗಡಿಯಲ್ಲಿ ಸಾವಿರಗಟ್ಟಲೆ ಕೊಡಬೇಕಾಗಿಲ್ಲ.

## ಲಕ್ಷಣ: ಮಾಡಿನ ಮೇಲೆ ಕಾಳಗ, ಕೆಳಗೆ ಸೋರಿಕೆ

ಮಂಗಳೂರು ಹಂಚಿನ ಹಿಂಬದಿಯ ಕೊಕ್ಕೆ ಮರದ ರೀಪು ಪಟ್ಟಿಗೆ ಸಿಕ್ಕಿಕೊಂಡು, ತನ್ನ ಭಾರದಲ್ಲೇ ಕೂತಿರುತ್ತದೆ. ನಾಲ್ಕು ಕಿಲೋದ ಬೆಕ್ಕು ನಡೆದರೆ ಅದು ಅಲುಗುವುದಿಲ್ಲ. ಎರಡು ಗಂಡುಗಳು ಉರುಳಾಡಿ ಜಗಳ ಮಾಡಿದರೆ ಅಲುಗುತ್ತದೆ. ಹಾಗಾಗಿ ಸೋರಿದರೆ ಬೆಕ್ಕಿಗೆ ಬೈಯುವ ಮೊದಲು ಹಗಲಿನಲ್ಲಿ ಒಳಗಿನಿಂದ ಮೇಲೆ ನೋಡಿ. ಬೆಳಕಿನ ಗೆರೆ ಕಂಡರೆ ಹಂಚು ಸರಿದಿದೆ, ಒಳಗಿನಿಂದ ಕೋಲಿನಲ್ಲಿ ಮೆಲ್ಲ ತಳ್ಳಿದರೆ ಕೂರುತ್ತದೆ. ಬೆಳಕು ಕಾಣದೆ ಒದ್ದೆ ಮಾತ್ರ ಇದ್ದರೆ ಹಂಚು ಬಿರುಕು ಬಿಟ್ಟಿದೆ, ಬೆಕ್ಕು ನಿರಪರಾಧಿ. ಮಳೆಗೆ ಪಾಚಿ ಹಿಡಿದ ಮಾಡಿಗೆ ನೀವು ಹತ್ತಬೇಡಿ. ಬೆಕ್ಕಿಗೆ ಜಾರಿದರೂ ನಾಲ್ಕು ಕಾಲು ಉಂಟು.

## ಲಕ್ಷಣ: ಹಲ್ಲಿ, ಇಲಿ, ಹಾವಿನ ಮರಿ ತಂದು ಕಾಲ ಬುಡದಲ್ಲಿ ಇಡುತ್ತದೆ

ಬೆಕ್ಕಿನ ಲೆಕ್ಕದಲ್ಲಿ ಮನೆ ಅಂದರೆ ಬೇಟೆ ತಂದಿಡುವ ಸುರಕ್ಷಿತ ಜಾಗ. ಹೊಗಳಬೇಡಿ, ಬೈಯಲೂ ಬೇಡಿ. ಸತ್ತ ಇಲಿಯನ್ನು ಬರಿಗೈಯಲ್ಲಿ ಮುಟ್ಟಬೇಡಿ. ಮಳೆಗಾಲದಲ್ಲಿ ನಮ್ಮ ಜಿಲ್ಲೆಗಳಲ್ಲಿ ಇಲಿ ಜ್ವರ ಇರುತ್ತದೆ. ಕಾಗದ ಅಥವಾ ಪ್ಲಾಸ್ಟಿಕ್ ಚೀಲ ಕೈಗೆ ಸುತ್ತಿಕೊಂಡು ತೆಗೆಯಿರಿ.

ಬೆಕ್ಕು ಕಪ್ಪೆಯನ್ನು ಕಚ್ಚಿ ಬಾಯಿ ತುಂಬ ನೊರೆ ಬಂದರೆ ಒದ್ದೆ ಬಟ್ಟೆಯಿಂದ ಬಾಯಿ ಒರೆಸಿ. ಅರ್ಧ ಗಂಟೆಯಲ್ಲಿ ಸರಿಯಾಗದಿದ್ದರೆ, ತೂರಾಡಿದರೆ, ಆಸ್ಪತ್ರೆ. ಅಕ್ಕಪಕ್ಕದಲ್ಲಿ ಇಲಿ ಪಾಷಾಣ ಇಟ್ಟಿದ್ದಾರಾ ಎಂದು ಕೇಳಿ ತಿಳಿದುಕೊಳ್ಳಿ. ವಿಷ ತಿಂದ ಇಲಿಯನ್ನು ತಿಂದರೆ ಕೆಲವು ದಿನ ಬಿಟ್ಟು ವಸಡಿನಲ್ಲಿ, ಮೂಗಿನಲ್ಲಿ ರಕ್ತ ಕಾಣಬಹುದು. ಹಾವಿನ ಜೊತೆ ಆಡಿ ಬಂದು ಕಾಲು, ಮುಖ ಊದಿದ್ದರೆ, ಅಥವಾ ರೆಪ್ಪೆ ಇಳಿಬಿದ್ದು ತೂಗಾಡುತ್ತಿದ್ದರೆ ಕಟ್ಟು ಕಟ್ಟುತ್ತಾ, ಮದ್ದು ಹುಡುಕುತ್ತಾ ಕೂರಬೇಡಿ.

## ಲಕ್ಷಣ: ಕರೆದರೆ ಬರುವುದಿಲ್ಲ

ಜಪಾನಿನ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಮನೆಬೆಕ್ಕುಗಳು ತಮ್ಮ ಹೆಸರನ್ನು ಬೇರೆ ಪದಗಳಿಂದ ಬೇರೆಯಾಗಿ ಗುರುತಿಸಿದವು. ಹೆಚ್ಚಿನವು ತಲೆ ಅಥವಾ ಕಿವಿ ಅಲುಗಿಸಿದವು, ಎದ್ದು ಬಂದವು ಕಡಿಮೆ. ನಮ್ಮ ಮನೆಯವರಿಗೆ ಇದಕ್ಕೆ ಪ್ರಯೋಗ ಬೇಕಿರಲಿಲ್ಲ. ಪರೀಕ್ಷೆ ಮಾಡುವುದಾದರೆ ಹಿಂದಿನಿಂದ ಹೆಸರು ಕರೆಯಿರಿ, ಕಿವಿ ತಿರುಗಿದರೆ ಲೈನ್ ಸರಿ ಉಂಟು. ತಿರುಗದಿದ್ದರೆ ಮೀನಿನ ಕವರ್ ಸರಬರ ಮಾಡಿ. ಅದಕ್ಕೂ ಇಲ್ಲ ಅಂದರೆ ಕಿವಿ ತೋರಿಸಿ. ಬಿಳಿ ಮೈ, ನೀಲಿ ಕಣ್ಣಿನ ಬೆಕ್ಕುಗಳಲ್ಲಿ ಹುಟ್ಟು ಕಿವುಡು ಜಾಸ್ತಿ.

## ಲಕ್ಷಣ: ತಡವಿಸಿಕೊಳ್ಳುತ್ತಲೇ ಕಚ್ಚುತ್ತದೆ

ಬಾಲದ ತುದಿ ಟಪ್ ಟಪ್ ಬಡಿಯಲು ಶುರುವಾದಾಗ, ಬೆನ್ನಿನ ಚರ್ಮ ಜುಮ್ಮೆಂದಾಗ ಕೈ ತೆಗೆಯಿರಿ. ಅದು ಎಚ್ಚರಿಕೆ ಕೊಟ್ಟಿತ್ತು, ನೀವು ಓದಲಿಲ್ಲ. ಎಂದೂ ಕಚ್ಚದ ಬೆಕ್ಕು ಒಂದೇ ಜಾಗ ಮುಟ್ಟಿದಾಗ ಕಚ್ಚಿದರೆ ಅಲ್ಲಿ ನೋವುಂಟು.

ಕಚ್ಚಿದ ಗಾಯ ಸೂಜಿ ಚುಚ್ಚಿದಷ್ಟು ಸಣ್ಣದು, ಆದರೆ ಆಳ. ಕೀವು ಬೇಗ ಆಗುತ್ತದೆ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ. ಗಡಿಯಾರ ನೋಡಿಯೇ ತೊಳೆಯಿರಿ. ಸುಣ್ಣ, ಅರಿಶಿನ ಮೆತ್ತಬೇಡಿ. ಬೆಕ್ಕಿನಿಂದಲೂ ರೇಬೀಸ್ ಬರುತ್ತದೆ. ಮನೆಬೆಕ್ಕಾದರೂ ಅದೇ ದಿನ ಆಸ್ಪತ್ರೆಗೆ ಹೋಗಿ, ಸೂಜಿ ಬೇಕಾ ಎಂದು ಅವರು ಹೇಳಲಿ. ಬೆಕ್ಕಿಗೆ ಮೂರು ತಿಂಗಳಾದಾಗ ರೇಬೀಸ್ ಲಸಿಕೆ ಹಾಕಿಸಿ. ಆಮೇಲೆ ವರ್ಷಕ್ಕೊಮ್ಮೆ.

## ಲಕ್ಷಣ: ಮಳೆಗಾಲದಲ್ಲಿ ಕಾಣೆ

ಬೆಚ್ಚಗಿನ ಜಾಗ ಹುಡುಕಿ. ಕಾರಿನ ಬಾನೆಟ್ ಒಳಗೆ, ವಾಷಿಂಗ್ ಮೆಷಿನ್ ಡ್ರಮ್ಮಿನಲ್ಲಿ, ಬಚ್ಚಲ ಒಲೆಯ ಬೂದಿಯಲ್ಲಿ. ನಮ್ಮ ಸರೋಜ ಹಂಡೆಯ ಅಡಿಯ ಬೂದಿಯಲ್ಲಿ ಮಲಗಿ ಬೆಳಿಗ್ಗೆ ಕರಿ ಬೆಕ್ಕಾಗಿ ಏಳುತ್ತಾಳೆ. ತೆಂಗಿನ ಒಣ ಮಡಲು ತುರುಕಿ ಬೆಂಕಿ ಕೊಡುವ ಮೊದಲು ಕೋಲು ಹಾಕಿ ನೋಡುವುದು ನಮ್ಮಲ್ಲಿ ನಿಯಮ. ಕಾರು ಸ್ಟಾರ್ಟ್ ಮಾಡುವ ಮೊದಲು ಬಾನೆಟ್ಟಿಗೆ ಎರಡು ಸಲ ಬಡಿಯಿರಿ.

## ಲಕ್ಷಣ: ನಾಚಿಕೊಂಡ ಹಾಗೆ ಕಾಣುತ್ತದೆ

ಇಷ್ಟರಲ್ಲಿ ನನ್ನನ್ನು ಹೆದರಿಸುವುದು ಇದೊಂದೇ. ಕಟ್ಟೆ ಮೇಲೆ ಹತ್ತುವುದಿಲ್ಲ. ಮೀನಿಗೆ ಬರುವುದಿಲ್ಲ. ಮಂಚದ ಅಡಿಯಲ್ಲಿ, ಕಪಾಟಿನ ಹಿಂದೆ ಮುಖ ಮರೆಸಿ ಕೂರುತ್ತದೆ. ಮೈ ನೆಕ್ಕುವುದಿಲ್ಲ, ಕೂದಲು ಗಂಟುಗಂಟು. "ಪಾಪ, ಈಗ ಬುದ್ಧಿ ಬಂದಿದೆ, ತಂಟೆಯೇ ಇಲ್ಲ" ಎಂದು ಜನ ಹೇಳುತ್ತಾರೆ. ಬೆಕ್ಕಿಗೆ ಹಾಗೆ ಬುದ್ಧಿ ಬರುವುದಿಲ್ಲ. ಅದು ನೋವನ್ನು ಅಡಗಿಸಿಕೊಳ್ಳುವ ಪ್ರಾಣಿ. ತೆರೆದ ಬಾಯಲ್ಲಿ ಉಸಿರಾಡುತ್ತಿದ್ದರೆ, ವಸಡು ಬಿಳಿಚಿದ್ದರೆ, ಹಿಂಗಾಲು ಎಳೆಯುತ್ತಿದ್ದರೆ ಮನೆಯ ಪರೀಕ್ಷೆ ಯಾವುದೂ ಬೇಡ. ಗಾಳಿಯಾಡುವ ಬುಟ್ಟಿಯಲ್ಲಿ ಟವೆಲ್ ಹಾಸಿ, ಬೆಕ್ಕನ್ನು ಕೂರಿಸಿ, ಬುಟ್ಟಿಯ ಬಾಯಿ ಕಟ್ಟಿ, ನೇರ ಹೊರಡಿ. ಬೇರೇನೂ ಕಾಣದೆ ಸುಮ್ನೆ ಮಂಕಾಗಿದ್ದರೂ ಒಂದು ದಿನಕ್ಕಿಂತ ಜಾಸ್ತಿ ಕಾಯಬೇಡಿ.

ಪಾಂಡು ಆಸ್ಪತ್ರೆಯಿಂದ ಬಂದ ಮೇಲೆ ಮೂರು ದಿನ ಮಂಚದ ಅಡಿಯಲ್ಲೇ ಇದ್ದ. ಟಬ್ ಒದ್ದೆಯಾಗುತ್ತಿತ್ತು, ಹಾಗಾಗಿ ಧೈರ್ಯ ಇತ್ತು. ಆದರೂ ಚಾವಡಿಯ ಮೇಜಿನ ಮೇಲೆ ಲೋಟ ಇಟ್ಟಲ್ಲೇ ಇರುತ್ತಿತ್ತು. ಯಾರೂ ಅದರ ಬಗ್ಗೆ ಮಾತಾಡಲಿಲ್ಲ. ನಾಲ್ಕನೇ ದಿನ ಬೆಳಿಗ್ಗೆ ನಾನು ಬಚ್ಚಲಿನಲ್ಲಿದ್ದೆ. ಠಣ್ ಎಂದು ಕೇಳಿತು. ಅಡುಗೆಮನೆಯಿಂದ ಹೆಂಡತಿ ಕೂಗಿದಳು, "ಕೇಳಿತಾ?"

ಕೇಳಿತು. ಹೋಗಿ ಹೊಸ್ತಿಲ ಹತ್ತಿರ ಬಿದ್ದಿದ್ದ ಲೋಟವನ್ನು ಹೆಕ್ಕಿದೆ. ಒರೆಸಿ, ಮೇಜಿನ ತುದಿಯಲ್ಲಿ, ಅವನಿಗೆ ಕಾಲು ಎಟುಕುವ ಹಾಗೆ ಇಟ್ಟೆ.